ಬೀಗ ಹಾಕಿದ ಮನೆಗೆ ಯಾರು ದಿಕ್ಕು?

ಮನೆಯಲ್ಲಿ ಯಾರೂ ಇಲ್ಲ ಎಂಬುದನ್ನು ಕಳ್ಳನಿಗೆ ಮನೆಯೇ ಹೇಳಿಬಿಡುತ್ತದೆ. ಗೇಟಿನ ಸಂದಿಯಲ್ಲಿ ಸಿಕ್ಕಿಕೊಂಡ ಮೂರು ದಿನದ ಪತ್ರಿಕೆ, ಮಟಮಟ ಮಧ್ಯಾಹ್ನವೂ ಉರಿಯುತ್ತಿರುವ ವರಾಂಡದ ದೀಪ, ನೀರಿಲ್ಲದೆ ಬಾಡಿದ ತುಳಸಿ, ಹೊರಚಿಲಕಕ್ಕೆ ನೇತಾಡುವ ದಪ್ಪ ಬೀಗ. ಎಲ್ಲಕ್ಕಿಂತ ದೊಡ್ಡ ಸುಳಿವು ರಂಗೋಲಿ. ಬೀದಿಯುದ್ದಕ್ಕೂ ಹೊಸ್ತಿಲ ಮುಂದೆ ನೀರು ಚಿಮುಕಿಸಿ ಗೆರೆ ಎಳೆದಿದ್ದು, ಒಂದೇ ಒಂದು ಮನೆಯೆದುರು ಧೂಳು, ತರಗೆಲೆ ಬಿದ್ದಿದ್ದರೆ ಬೈಕಿನಲ್ಲಿ ನಿಧಾನಕ್ಕೆ ಸುತ್ತುವವನು ಇಳಿದು ವಿಚಾರಿಸಬೇಕಾಗಿಲ್ಲ. ದಸರಾ ರಜೆ, ಬೇಸಿಗೆ ರಜೆ ಬಂತೆಂದರೆ ಪೊಲೀಸರು ವರ್ಷವರ್ಷವೂ ಹೇಳುವುದು ಇದನ್ನೇ: ಊರಿಗೆ ಹೋಗುವವರು ಹಾಲು, ಪೇಪರು ನಿಲ್ಲಿಸಿ, ಒಡವೆ ಮನೆಯಲ್ಲಿಡಬೇಡಿ, ಠಾಣೆಗೆ ತಿಳಿಸಿ, ಪಕ್ಕದವರಿಗೆ ಹೇಳಿ.

ಇವುಗಳಲ್ಲಿ ನಾವು ತೀರಾ ಹಗುರವಾಗಿ ತೆಗೆದುಕೊಳ್ಳುವುದು ಕೊನೆಯದನ್ನು. ಹೇಳುವುದೇನೋ ಹೇಳುತ್ತೇವೆ. ಆಟೊ ಹತ್ತುತ್ತ, ‘ಸ್ವಲ್ಪ ಮನೆ ಕಡೆ ನೋಡ್ಕೊಳ್ರೀ’ ಎನ್ನುತ್ತೇವೆ. ‘ಆಯ್ತು, ಹೋಗ್ಬನ್ನಿ’ ಎಂದು ಅವರು ಕೈಬೀಸುತ್ತಾರೆ. ನೋಡಿಕೊಳ್ಳುವುದೆಂದರೆ ಏನನ್ನು, ಎಷ್ಟು ಹೊತ್ತಿಗೆ, ಅನುಮಾನ ಬಂದರೆ ಯಾರಿಗೆ ಫೋನು ಮಾಡುವುದು? ಈ ವಿಷಯ ಇಬ್ಬರೂ ಎತ್ತುವುದಿಲ್ಲ.

ಇದನ್ನು ಬಿಡಿಸಿ ಮಾತಾಡಿಕೊಂಡ ಒಂದು ಬಡಾವಣೆ ಇಂಗ್ಲೆಂಡಿನಲ್ಲಿದೆ. ಮ್ಯಾಂಚೆಸ್ಟರ್ ಬಳಿಯ ರಾಚ್‌ಡೇಲ್ ಪಟ್ಟಣದ ಕರ್ಕ್‌ಹೋಲ್ಟ್. ರಾಚ್‌ಡೇಲ್ ಹೆಸರು ಸಹಕಾರ ಸಂಘಗಳ ಚರಿತ್ರೆ ಓದಿದವರಿಗೆ ಹೊಸದಲ್ಲ. 1844ರಲ್ಲಿ ಅಲ್ಲಿನ ನೇಕಾರರು ಮತ್ತಿತರ ಕಸುಬುದಾರರು ಚಿಲ್ಲರೆ ಕಾಸು ಕೂಡಿಸಿ ತೆರೆದ ಅಂಗಡಿಯಿಂದಲೇ ಆಧುನಿಕ ಸಹಕಾರ ಚಳವಳಿಯನ್ನು ಎಣಿಸುತ್ತಾರೆ. ಆ ಗಾಳಿ 1905ರಲ್ಲಿ ನಮ್ಮ ಗದಗಿನ ಕಣಗಿನಹಾಳಕ್ಕೆ ಬಂತು. ಮುಂದೆ ಬೆಂಗಳೂರಿನ ಎಷ್ಟೋ ಲೇಔಟುಗಳನ್ನು ಕಟ್ಟಿದ್ದೂ ಗೃಹ ನಿರ್ಮಾಣ ಸಹಕಾರ ಸಂಘಗಳೇ. ಸೈಟು ಹಂಚಿಕೆಯಾದ ಮೇಲೆ ಆ ಸಹಕಾರ ಎಲ್ಲಿ ಹೋಯಿತು ಎಂದು ಕೇಳಿದರೆ ಜಗಳಕ್ಕೆ ದಾರಿಯಾದೀತು, ಬಿಡಿ.

ಕರ್ಕ್‌ಹೋಲ್ಟ್ ಸ್ಥಳೀಯ ಆಡಳಿತ ಕಟ್ಟಿಸಿದ ಬಡವರ ಬಾಡಿಗೆ ಮನೆಗಳ ಬಡಾವಣೆ. ಸುಮಾರು 2,280 ಮನೆ. 1980ರ ದಶಕದ ನಡುವೆ ಒಂದೇ ವರ್ಷ ಅಲ್ಲಿ 526 ಮನೆಗಳವು ದಾಖಲಾದವು. ಹೆಚ್ಚುಕಡಿಮೆ ನಾಲ್ಕು ಮನೆಗೊಂದು. ಪೊಲೀಸರು, ಶಿಕ್ಷೆಗೊಳಗಾದವರ ಮೇಲ್ವಿಚಾರಣೆ ಮಾಡುವ ಪ್ರೊಬೇಷನ್ ಅಧಿಕಾರಿಗಳು, ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದ ಕೆನ್ ಪೀಸ್ ಮತ್ತಿತರ ಸಂಶೋಧಕರು ಒಟ್ಟಿಗೆ ಕೆಲಸಕ್ಕಿಳಿದರು. ಗಸ್ತು ಹೆಚ್ಚಿಸುವ ಮೊದಲು ಅವರು ಮನೆಮನೆಗೆ ಹೋಗಿ ಪ್ರಶ್ನೆ ಕೇಳಿದರು: ಕಳವಾದ ಮನೆಯವರಿಗೆ, ಅವರ ನೆರೆಯವರಿಗೆ. ಕದ್ದು ಸಿಕ್ಕಿಬಿದ್ದವರನ್ನೂ ಕೂರಿಸಿ ಮಾತಾಡಿಸಿದರು.

ಎರಡು ಸಂಗತಿ ಹೊರಬಿದ್ದವು. ಆಗ ಅಲ್ಲಿನ ಅನೇಕ ಮನೆಗಳಲ್ಲಿ ಗ್ಯಾಸಿಗೂ ಕರೆಂಟಿಗೂ ನಾಣ್ಯ ಹಾಕುವ ಮೀಟರುಗಳಿದ್ದವು. ಎಂದರೆ ಅಂಥ ಪ್ರತಿ ಮನೆಯಲ್ಲೂ ಕಳ್ಳನಿಗಾಗಿ ತುಂಬಿಟ್ಟ ಹುಂಡಿ. ಕಳವುಗಳಲ್ಲಿ ಅರ್ಧದಷ್ಟು ಕಡೆ ಕೈಹಾಕಿದ್ದು ಈ ಮೀಟರಿಗೇ. ಇನ್ನೊಂದು ಸಂಗತಿ ಯಾರೂ ಅಷ್ಟಾಗಿ ಗಮನಿಸಿರದಿದ್ದದ್ದು. ಒಮ್ಮೆ ಕಳ್ಳತನವಾದ ಮನೆಯಲ್ಲಿ ಮತ್ತೊಮ್ಮೆ ಆಗುವ ಸಂಭವ ಬೇರೆ ಮನೆಗಳಿಗಿಂತ ನಾಲ್ಕು ಪಟ್ಟು. ಅದೂ ಬಹುಪಾಲು ಬೇಗನೆ, ವಾರಗಳೊಳಗೆ.

ಕಾರಣ ಯೋಚಿಸಿದರೆ ಸರಳ. ಯಾವ ಕಿಟಕಿ ಸಡಿಲ, ನಾಯಿ ಇದೆಯೋ ಇಲ್ಲವೋ, ಹಿಂದಿನ ಓಣಿ ಎಲ್ಲಿಗೆ ಹೊರಡುತ್ತದೆ ಎಂಬುದೆಲ್ಲ ಕಳ್ಳನಿಗೀಗ ಗೊತ್ತು. ಹೋದ ಟಿ.ವಿ.ಯ ಜಾಗಕ್ಕೆ ಹೊಸ ಟಿ.ವಿ. ಬಂದಿರುತ್ತದೆ ಎಂಬುದೂ ಗೊತ್ತು. ತಾನು ಬರದಿದ್ದರೆ ಜೊತೆಗಾರನಿಗೆ ಹೇಳುತ್ತಾನೆ. ನಮ್ಮಲ್ಲಿ ಕಳವಾದ ಮನೆಗೆ ಬೀದಿಯವರೆಲ್ಲ ಒಂದು ದಿನ ಹೋಗುತ್ತೇವೆ. ಎಷ್ಟು ಗ್ರಾಂ ಹೋಯಿತು ಎಂದು ಕೇಳುತ್ತೇವೆ. ಲಾಕರಿನಲ್ಲಿ ಇಡಬಾರದಿತ್ತೇ ಎಂದು ಅವರನ್ನೇ ತರಾಟೆಗೆ ತೆಗೆದುಕೊಂಡು ಕಾಫಿ ಕುಡಿದು ಬರುತ್ತೇವೆ. ಸಿಡಿಲು ಹೊಡೆದ ಮರಕ್ಕೆ ಮತ್ತೆ ಸಿಡಿಲು ಹೊಡೆಯದು ಎಂಬ ಧೈರ್ಯ. ಕರ್ಕ್‌ಹೋಲ್ಟಿನ ಲೆಕ್ಕ ಹೇಳುವ ಪ್ರಕಾರ ಆ ಮನೆಯ ಮೇಲೆ ಕಣ್ಣಿಡಬೇಕಾದ ಹೊತ್ತು ಶುರುವಾಗುವುದೇ ಆಗ.

ಅವರು ಮಾಡಿದ್ದಿಷ್ಟು. ನಾಣ್ಯದ ಮೀಟರು ಕಿತ್ತು ಬೇರೆ ಬಗೆಯವನ್ನು ಕೂರಿಸಿದರು. ಕಳವಾದ ಮನೆಯ ಬಾಗಿಲು, ಕಿಟಕಿ ಭದ್ರಪಡಿಸಿದರು. ಆ ಮನೆಯ ಆಸುಪಾಸಿನ ಆರೇಳು ಮನೆಯವರನ್ನು ಕರೆದು, ಈ ಒಂದು ಮನೆಯ ಕಡೆ ಮಾತ್ರ ಗಮನವಿಡಿ, ಅನುಮಾನ ಬಂದರೆ ಹೀಗೆ ಮಾಡಿ ಎಂದು ಹೇಳಿಕೊಟ್ಟರು. ರೇಷ್ಮೆಹುಳುವಿನ ಗೂಡಿನ ಹೆಸರನ್ನೇ ಈ ವ್ಯವಸ್ಥೆಗಿಟ್ಟರು. ಇಡೀ ಬಡಾವಣೆಗೆ ಫಲಕ ನೆಡಲಿಲ್ಲ, ಎಲ್ಲರೂ ಎಲ್ಲರನ್ನೂ ಕಾಯಿರಿ ಎನ್ನಲಿಲ್ಲ. ಮರುವರ್ಷ 526 ಇದ್ದದ್ದು 223ಕ್ಕೆ ಬಂತು. ಮೂರು ವರ್ಷದಲ್ಲಿ ಮುಕ್ಕಾಲು ಪಾಲು ಇಳಿಯಿತು. ಮೀಟರು ತೆಗೆದದ್ದರಿಂದ ಎಷ್ಟು, ನೆರೆಯವರಿಂದ ಎಷ್ಟು ಎಂದು ಬೇರೆಬೇರೆ ತೂಗುವುದು ಕಷ್ಟ. ನನಗೆ ಹಿಡಿಸಿದ್ದು ಆರೇಳು ಎಂಬ ಅಳತೆ. ಇನ್ನೂರು ಮನೆಯ ವಾಟ್ಸ್‌ಆ್ಯಪ್ ಗುಂಪಿನಲ್ಲಿ ‘ಯಾರಾದರೂ ನೋಡಿ’ ಎಂದರೆ ಯಾರೂ ನೋಡುವುದಿಲ್ಲ. ಆರು ಮನೆಯವರಿಗೆ ಹೆಸರು ಹಿಡಿದು ಹೇಳಿದರೆ ತಪ್ಪಿಸಿಕೊಳ್ಳಲು ಜಾಗವಿಲ್ಲ.

ನೆರೆಯವರು ಸೇರಿ ಕಾಯುವುದು ನಮಗೇನೂ ಹೊಸದಲ್ಲ. ತುರುಗೋಳಿನಲ್ಲಿ, ಎಂದರೆ ಊರ ದನ ಹೊಡೆದುಕೊಂಡು ಹೋಗುವವರನ್ನು ತಡೆಯುವಾಗ, ಮಡಿದವರ ವೀರಗಲ್ಲುಗಳು ಕರ್ನಾಟಕದ ಎಷ್ಟೋ ಹಳ್ಳಿಗಳ ಅಂಚಿನಲ್ಲಿ ನಿಂತಿವೆ. ಸತ್ತವನ ಮನೆಯವರಿಗೆ ನೆತ್ತರುಗೊಡಗೆಯೆಂದು ಭೂಮಿ ಬಿಡುತ್ತಿದ್ದರು. ಆಮೇಲೆ ತಳವಾರರು, ತೋಟಿಗಳು ಬಂದರು. ಸ್ವಾತಂತ್ರ್ಯದ ನಂತರ 1964ರಲ್ಲಿ ಗ್ರಾಮ ರಕ್ಷಣಾ ದಳಗಳಿಗೆ ಕಾನೂನೇ ಆಯಿತು. ವೀರರ ಕಾಲದಲ್ಲಾಗಲಿ ತಳವಾರರ ಕಾಲದಲ್ಲಾಗಲಿ ಕಾಯುವ ಕೆಲಸ ಪುಕ್ಕಟೆಯದೆಂದು ಊರು ಭಾವಿಸಿರಲಿಲ್ಲ. ಇಂದು ಬಹಳ ಕಡೆ ಹನ್ನೆರಡು ಗಂಟೆ ಪಾಳಿಯಲ್ಲಿ ನಿಲ್ಲುವ ಸೆಕ್ಯುರಿಟಿಯವನ ಹೆಸರು ಕೂಡ ಒಳಗಿನವರಿಗೆ ಗೊತ್ತಿರುವುದಿಲ್ಲ. ಅವನು ಮಾತ್ರ ನಮ್ಮೆಲ್ಲರ ಕಾರಿನ ನಂಬರು ನೆನಪಿಟ್ಟುಕೊಳ್ಳಬೇಕು.

ಇತ್ತೀಚಿನ ನೆರೆಕಾವಲಿನ ಕಥೆಯಲ್ಲಿ ಕೆಟ್ಟ ಅಧ್ಯಾಯಗಳೂ ಇವೆ. ಅಮೆರಿಕದಲ್ಲಿ ಶೆರಿಫ್‌ಗಳ ರಾಷ್ಟ್ರೀಯ ಸಂಘ 1972ರಲ್ಲಿ ದೇಶಮಟ್ಟದ ನೆರೆಕಾವಲು ಕಾರ್ಯಕ್ರಮ ಶುರುಮಾಡಿತು. 2012ರಲ್ಲಿ ಫ್ಲೋರಿಡಾದ ಸ್ಯಾನ್‌ಫರ್ಡ್‌ನಲ್ಲಿ ಅಂಗಡಿಗೆ ಹೋಗಿ ನಡೆದು ಬರುತ್ತಿದ್ದ ಹದಿನೇಳು ವರ್ಷದ ಕಪ್ಪು ಹುಡುಗನನ್ನು ಅನುಮಾನಿಸಿ ಹಿಂಬಾಲಿಸಿದ ಬಡಾವಣೆಯ ಸ್ವಯಂಸೇವಕ ಕೊನೆಗೆ ಗುಂಡು ಹಾರಿಸಿ ಕೊಂದ. ಹಿಂಬಾಲಿಸಬೇಕಿಲ್ಲ ಎಂದು ಪೊಲೀಸ್ ನಿಯಂತ್ರಣ ಕೊಠಡಿಯವರು ಫೋನಿನಲ್ಲೇ ಹೇಳಿದ್ದರು. ಮರುವರ್ಷ ಜ್ಯೂರಿ ಅವನನ್ನು ಖುಲಾಸೆ ಮಾಡಿತು.

ದೂರದ ಮಾತೇಕೆ? 2018ರ ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ರಾಜಸ್ಥಾನದಿಂದ ಬಂದಿದ್ದ ಯುವಕನೊಬ್ಬನನ್ನು ಮಕ್ಕಳ ಕಳ್ಳನೆಂದು ಜನ ಬಡಿದು ಕೊಂದರು. ಅದೇ ವರ್ಷ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಹೈದರಾಬಾದಿನ ಸಾಫ್ಟ್‌ವೇರ್ ಎಂಜಿನಿಯರ್ ಒಬ್ಬ ಹಾಗೆಯೇ ಸತ್ತ. ಅವನೂ ಜೊತೆಗೆ ಬಂದಿದ್ದ ಸ್ನೇಹಿತರೂ ದಾರಿಯಲ್ಲಿ ಮಕ್ಕಳಿಗೆ ಚಾಕೊಲೇಟು ಕೊಟ್ಟಿದ್ದರು, ಅಷ್ಟೆ. ವಾಟ್ಸ್‌ಆ್ಯಪ್ ಒಂದು ಸಂದೇಶವನ್ನು ಐದಕ್ಕಿಂತ ಹೆಚ್ಚು ಕಡೆ ಒಮ್ಮೆಗೇ ದಾಟಿಸದಂತೆ ಭಾರತದಲ್ಲಿ ಮಿತಿ ಹಾಕಿದ್ದು ಆ ತಿಂಗಳಲ್ಲೇ. ಈಗಲೂ ಬಡಾವಣೆಯ ಗುಂಪುಗಳಲ್ಲಿ ‘ಈ ವ್ಯಕ್ತಿ ಅನುಮಾನಾಸ್ಪದ’ ಎಂಬ ಫೋಟೊ ಬೀಳುತ್ತಲೇ ಇರುತ್ತದೆ. ಹೆಚ್ಚಿನ ಸಲ ಆತ ವಿಳಾಸ ಹುಡುಕುತ್ತಿರುವ ಡೆಲಿವರಿ ಹುಡುಗ, ಇಲ್ಲವೇ ಹಳೆ ಪೇಪರಿನವನು. ಆತನ ಅಂಗಿ ಇಸ್ತ್ರಿಯಾಗಿರಲಿಲ್ಲ ಎಂಬುದೇ ಅನುಮಾನಕ್ಕೆ ಕಾರಣವೆಂದು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ.

ಕಾನೂನು ಈ ಬಗ್ಗೆ ಸ್ಪಷ್ಟವಾಗಿದೆ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 40ನೇ ಕಲಮಿನಂತೆ ಜಾಮೀನಿಗೆ ಬಾರದ ಗಂಭೀರ ಅಪರಾಧ ಕಣ್ಣೆದುರೇ ನಡೆದರೆ ಸಾಮಾನ್ಯನೂ ಆರೋಪಿಯನ್ನು ಹಿಡಿಯಬಹುದು. ಆದರೆ ತಡಮಾಡದೆ, ಆರು ಗಂಟೆಯೊಳಗೆ ಪೊಲೀಸರಿಗೊಪ್ಪಿಸಬೇಕು. ಹೊಡೆಯಲು, ಕಂಬಕ್ಕೆ ಕಟ್ಟಲು, ವಿಡಿಯೊ ಮಾಡಿ ಹಂಚಲು ಅದರಲ್ಲಿ ಅನುಮತಿಯಿಲ್ಲ. 112ಕ್ಕೆ ಕರೆ ಮಾಡಿ, ಬಂದವನ ಚಹರೆ, ಗಾಡಿ ನಂಬರು, ಹೋದ ದಿಕ್ಕು ಹೇಳಿದರೆ ನೆರೆಯವರ ಪಾಲಿನ ಕೆಲಸ ಮುಗಿಯಿತು.

ಯಾರು ಹೊಸಬ, ಯಾರು ಹಳಬ ಎಂಬುದು ಬೀದಿಯಲ್ಲಿ ನಿಜವಾಗಿ ಗೊತ್ತಿರುವುದು ಯಾರಿಗೆ? ನ್ಯೂಯಾರ್ಕಿನ ಹಡ್ಸನ್ ಬೀದಿಯಲ್ಲಿ ವಾಸವಿದ್ದ, ನಗರಗಳ ಬಗ್ಗೆ ಬರೆದ ಲೇಖಕಿ ಜೇನ್ ಜೇಕಬ್ಸ್ 1961ರಲ್ಲೇ, ಬೀದಿಯನ್ನು ಕಾಯುವವರಲ್ಲಿ ಪೊಲೀಸರಿಗಿಂತ ಮುಂದಿರುವವರು ಅಂಗಡಿಯವರು, ದಾರಿಹೋಕರು, ಕಿಟಕಿಯಲ್ಲಿ ಕೂತವರು ಎಂದು ವಾದಿಸಿದ್ದರು. ನಮ್ಮಲ್ಲಿ ಆ ಜಾಗದಲ್ಲಿರುವುದು ಹೊಂಗೆಮರದ ಕೆಳಗಿನ ಇಸ್ತ್ರಿ ಗಾಡಿಯವನು. ಯಾವ ಮನೆಯ ಬಟ್ಟೆ ನಾಲ್ಕು ದಿನದಿಂದ ಬಂದಿಲ್ಲ ಎಂಬುದು ಅವನ ಲೆಕ್ಕದಲ್ಲಿರುತ್ತದೆ. ಸೊಪ್ಪಿನಮ್ಮನಿಗೆ ಯಾರ ಮನೆಗೆ ನೆಂಟರು ಬಂದಿದ್ದಾರೆಂದು ಗೊತ್ತು. ಮೂರು ಮನೆಯಲ್ಲಿ ಕೆಲಸ ಮಾಡುವಾಕೆಗೆ ಮೂರೂ ಮನೆಯ ಹಿತ್ತಲ ಬಾಗಿಲು ಗೊತ್ತು. ಫುಟ್‌ಪಾತ್ ಚೆಂದಗಾಣಿಸಲೆಂದು ಗಾಡಿಗಳನ್ನು ಎಬ್ಬಿಸಿ, ಅದೇ ಜಾಗದಲ್ಲಿ ಕಂಬ ನೆಟ್ಟು ಕ್ಯಾಮೆರಾ ಹಾಕುವ ಸಂಘಗಳಿವೆ. ಕ್ಯಾಮೆರಾ ಕಳವಾದ ಮೇಲೆ ತೋರಿಸುತ್ತದೆ. ಇಸ್ತ್ರಿಯವನು ‘ಯಾರು ಬೇಕಿತ್ತು ಸ್ವಾಮಿ?’ ಎಂದು ಕಳವಿಗೆ ಮುಂಚೆ ಕೇಳುತ್ತಾನೆ. ಈ ಒಂದು ಪ್ರಶ್ನೆಗೆ ಉತ್ತರ ಹೇಳಲಾಗದೆ ಗಾಡಿ ತಿರುಗಿಸಿದವರ ಲೆಕ್ಕ ಯಾವ ಠಾಣೆಯಲ್ಲೂ ದಾಖಲಾಗುವುದಿಲ್ಲ.

ಷಿಕಾಗೊದ 343 ನೆರೆಹೊರೆಗಳಲ್ಲಿ ಎಂಟು ಸಾವಿರಕ್ಕೂ ಹೆಚ್ಚು ಜನರನ್ನು ಮಾತಾಡಿಸಿ ಸಮಾಜಶಾಸ್ತ್ರಜ್ಞ ರಾಬರ್ಟ್ ಸ್ಯಾಂಪ್‌ಸನ್ ಮತ್ತು ಸಂಗಡಿಗರು 1997ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಶ್ನೆಗಳು ಇಂಥವೇ ಆಗಿದ್ದವು: ಹುಡುಗರು ಶಾಲೆ ತಪ್ಪಿಸಿ ಮೂಲೆಯಲ್ಲಿ ನಿಂತಿದ್ದರೆ ನಿಮ್ಮ ಬೀದಿಯವರು ಕೇಳುತ್ತಾರೆಯೇ? ಇಲ್ಲಿನವರನ್ನು ನಂಬಬಹುದೇ? ಹೌದು ಎಂದವರು ಹೆಚ್ಚಿದ್ದ ಕಡೆ ಹಿಂಸೆ ಕಡಿಮೆಯಿತ್ತು. ಬಡತನದ ಲೆಕ್ಕ ತೆಗೆದ ಮೇಲೂ. ಪರಿಚಯ ಇದ್ದರೆ ಸಾಲದು, ಮಧ್ಯೆ ಬಾಯಿ ಹಾಕುವ ಅಭ್ಯಾಸವೂ ಬೇಕು. ಇದರಲ್ಲಿ ನಮ್ಮ ಹಳೆಯ ವಠಾರಗಳಿಗೆ ಡಾಕ್ಟರೇಟ್ ಕೊಡಬಹುದಿತ್ತು. ಆ ಬಾಯಿಗೆ ಹೆದರಿಯೇ ಅರ್ಧ ಜನ ಫ್ಲ್ಯಾಟಿಗೆ ಓಡಿದ್ದು ಎಂಬುದೂ ನಿಜ.

ಪೊಲೀಸರ ಕಡೆಯಿಂದಲೂ ಕೊಂಡಿಗಳಿವೆ. 2017ರಲ್ಲಿ ಕರ್ನಾಟಕ ಪೊಲೀಸರು ಜಾರಿಗೆ ತಂದ ಬೀಟ್ ವ್ಯವಸ್ಥೆಯಲ್ಲಿ ಪ್ರತಿ ಪ್ರದೇಶಕ್ಕೂ ಒಬ್ಬ ಸಿಬ್ಬಂದಿ ಹೊಣೆ. ನಿಮ್ಮ ಬೀದಿಯ ಬೀಟ್ ಪೊಲೀಸರ ಹೆಸರೇನು ಎಂದು ಕೇಳಿನೋಡಿ. ಉತ್ತರ ಬರುವುದು ಬಹುಶಃ ಮೂಲೆಯ ಅಂಗಡಿಯವನಿಂದ.

ಈಗ ಕಳ್ಳ ಗೋಡೆ ಹಾರುವುದನ್ನೂ ಬಿಟ್ಟಿದ್ದಾನೆ. ‘ಡಿಜಿಟಲ್ ಅರೆಸ್ಟ್’ ಎಂಬ ವಂಚನೆಯಲ್ಲಿ ವಿಡಿಯೊ ಕರೆಯಲ್ಲಿ ಪೊಲೀಸ್ ವೇಷದವನೊಬ್ಬ ಕೂತು, ನಿಮ್ಮ ಹೆಸರಿನ ಪಾರ್ಸೆಲ್ಲಿನಲ್ಲಿ ಮಾದಕವಸ್ತು ಸಿಕ್ಕಿದೆ, ಕ್ಯಾಮೆರಾ ಮುಂದಿಂದ ಏಳಬೇಡಿ ಎನ್ನುತ್ತಾನೆ. ಕಾನೂನಿನಲ್ಲಿ ಅಂಥ ಬಂಧನವೇ ಇಲ್ಲವೆಂದು 2024ರ ಅಕ್ಟೋಬರಿನಲ್ಲಿ ಪ್ರಧಾನಿ ‘ಮನ್ ಕೀ ಬಾತ್’ನಲ್ಲಿ ಹೇಳಿದ ಮೇಲೂ ಜನ ಬೀಳುತ್ತಿದ್ದಾರೆ. ಅವನ ಮೊದಲ ಷರತ್ತು: ಯಾರಿಗೂ ಹೇಳಕೂಡದು. ಒಂಟಿಯಾಗಿರುವ ನಿವೃತ್ತರನ್ನು ದಿನಗಟ್ಟಲೆ ಕೋಣೆಯಲ್ಲಿ ಕೂರಿಸಿ ಉಳಿತಾಯವೆಲ್ಲ ವರ್ಗಾಯಿಸಿಕೊಳ್ಳುವುದು ಸಾಧ್ಯವಾಗುವುದು ಅಷ್ಟು ದಿನ ಯಾರೂ ಬಾಗಿಲು ತಟ್ಟದೆ ಇರುವುದರಿಂದ. ಅಲ್ಲಿ ಸಿ.ಸಿ. ಕ್ಯಾಮೆರಾ, ಗೇಟಿನ ರಿಜಿಸ್ಟರು ಎರಡೂ ನಿರುಪಯೋಗಿ. ಸಕ್ಕರೆ ಕೇಳಲು ಬಂದ ಪಕ್ಕದ ಮನೆಯಾಕೆ, ‘ಯಾಕೆ ಮುಖ ಹೀಗಾಗಿದೆ?’ ಎಂದು ಒಳಗೆ ಬಂದರೆ ಆ ವಂಚನೆ ಕುಸಿಯುತ್ತದೆ.

ಹಾಗಾಗಿ ಬಡಾವಣೆಯ ಮುಂದಿನ ಸಭೆಯಲ್ಲಿ ಕ್ಯಾಮೆರಾ ಬಜೆಟ್ಟಿನ ಚರ್ಚೆ ಮುಗಿದು ಕಾಫಿ ಬರುವ ಮೊದಲು ಒಂದು ಪಟ್ಟಿ ಮಾಡಬಹುದು. ಒಂಟಿಯಾಗಿರುವ ಹಿರಿಯರು ಯಾರು, ಬೆಳಿಗ್ಗೆ ಹತ್ತಾದರೂ ಅವರ ಬಾಗಿಲು ತೆರೆಯದಿದ್ದರೆ ಬೆಲ್ ಒತ್ತುವ ಎರಡು ಮನೆ ಯಾವುವು, ಬಿಡಿ ಕೀಲಿ ಯಾರ ಬಳಿ. ಒಪ್ಪಿದವರ ಹೆಸರು ಮಾತ್ರ. ಪಕ್ಕದಲ್ಲಿ ಸೈಬರ್ ವಂಚನೆಯ 1930, ಬೆಂಗಳೂರಿನವರಾದರೆ 2002ರಿಂದ ನಡೆಯುತ್ತಿರುವ ಹಿರಿಯರ ಸಹಾಯವಾಣಿ 1090. ಮಕ್ಕಳ ಅಮೆರಿಕದ ನಂಬರನ್ನೂ ಬರೆದುಕೊಳ್ಳಿ. ಆದರೆ ಇಲ್ಲಿ ಬೆಳಿಗ್ಗೆ ಹತ್ತಾದಾಗ ಅಲ್ಲಿ ರಾತ್ರಿ, ಫೋನು ಸೈಲೆಂಟಿನಲ್ಲಿರುತ್ತದೆ.