ನೀರಗೆರೆಯ ಮೇಲೂ ಕೆಳಗೂ

ಚಿತ್ರವನ್ನು ಅಡ್ಡಲಾಗಿ ಸೀಳುವ ಒಂದು ನೀರಗೆರೆ. ಮೇಲೆ ಆಕಾಶ, ದಡ, ತಾಳೆಯಂಥ ಮರಗಳು. ಕೆಳಗೆ ಮೀನು, ಸುರುಳಿ ಚಿಪ್ಪಿನ ಅಮೋನೈಟ್‌, ದೈತ್ಯ ಸರೀಸೃಪಗಳಿಂದ ಕಿಕ್ಕಿರಿದ ಕಡಲು. ಇಂಗ್ಲೆಂಡಿನ ಭೂವಿಜ್ಞಾನಿ ಹೆನ್ರಿ ಡಿ ಲಾ ಬೆಷ್ 1830ರಲ್ಲಿ ಜಲವರ್ಣದಲ್ಲಿ ಬರೆದ ಈ ಚಿತ್ರದ ಹೆಸರು ‘ಡ್ಯೂರಿಯಾ ಆಂಟಿಕ್ವಿಯರ್’, ಅಂದರೆ ‘ಇನ್ನೂ ಹಳೆಯ ಡಾರ್ಸೆಟ್’. ಸುಮಾರು 20 ಕೋಟಿ ವರ್ಷಗಳ ಹಿಂದಿನ ಕಡಲೊಂದು ಅಲ್ಲಿ ಮತ್ತೆ ಜೀವ ತಳೆದಿದೆ.

ಇಂದು ಇಂಥ ಚಿತ್ರಗಳು ನಮಗೆ ಹೊಸತಲ್ಲ. ಆಗ ಹಾಗಿರಲಿಲ್ಲ. ಕಡಲಜೀವಿಗಳನ್ನು ಹೆಚ್ಚಾಗಿ ಅಲೆ ದಡಕ್ಕೆ ಎಸೆದ ಸ್ಥಿತಿಯಲ್ಲೇ ಬರೆಯುತ್ತಿದ್ದರು. ಜನ ಕಂಡದ್ದೂ ಅಷ್ಟನ್ನೇ. ಗಾಜಿನಾಚೆ ಈಜುವ ಮೀನನ್ನು ಎಲ್ಲರೂ ನೋಡಬಹುದಾದ ಸಾರ್ವಜನಿಕ ಅಕ್ವೇರಿಯಂ ಲಂಡನ್ನಿನ ಪ್ರಾಣಿಸಂಗ್ರಹಾಲಯದಲ್ಲಿ ತೆರೆದದ್ದು 1853ರಲ್ಲಿ. ಅದಕ್ಕೂ 23 ವರ್ಷ ಮೊದಲೇ ಡಿ ಲಾ ಬೆಷ್ ತನ್ನ ಕಣ್ಣನ್ನು ನೀರಿನ ಮಟ್ಟಕ್ಕೆ ಇಳಿಸಿದ್ದ.

ಆದರೆ ಅದು ಬರಿಯ ಕಲ್ಪನೆಯಲ್ಲ. ಅದರ ಹಿಂದೆ ಮೇರಿ ಆ್ಯನಿಂಗ್ ಎಂಬ ಹೆಣ್ಣುಮಗಳ ದುಡಿಮೆಯಿತ್ತು. ಬಡಗಿಯ ಮಗಳಾದ ಆಕೆ ಡಾರ್ಸೆಟ್‌ನ ಲೈಮ್ ರೀಜಿಸ್ ಊರಿನ ಕಡಲಂಚಿನ ಬಂಡೆಗಳಲ್ಲಿ ಪಳೆಯುಳಿಕೆ ಹೆಕ್ಕಿ, ಮಾರಿ ಬದುಕುತ್ತಿದ್ದಳು. ಕಡಲ ಸರೀಸೃಪ ಇಕ್ತಿಯೋಸಾರ್, 1823ರಲ್ಲಿ ಉದ್ದ ಕತ್ತಿನ ಪ್ಲೀಸಿಯೋಸಾರ್, 1828ರಲ್ಲಿ ಹಾರುವ ಟೆರೋಸಾರ್: ಚಿತ್ರದ ಮುಖ್ಯ ಪ್ರಾಣಿಗಳೆಲ್ಲ ಆಕೆಯ ಸುತ್ತಿಗೆಯೇಟಿಗೆ ಬೆಳಕು ಕಂಡವು.

ಯಾವುದು ಯಾವುದನ್ನು ತಿನ್ನುತ್ತಿತ್ತು ಎಂಬುದಕ್ಕೂ ಪುರಾವೆ ಇತ್ತು. ಇಕ್ತಿಯೋಸಾರ್‌ಗಳ ಹೊಟ್ಟೆಯ ಭಾಗದಲ್ಲಿ ಸಿಗುತ್ತಿದ್ದ ಉಂಡೆಗಲ್ಲುಗಳನ್ನು ಒಡೆದರೆ ಒಳಗೆ ಮೀನಿನ ಮೂಳೆ, ಹುರುಪೆ. ಅವು ಕಲ್ಲಾದ ಲದ್ದಿ ಎಂದು ಆ್ಯನಿಂಗಳ ನೆರವಿನಿಂದ ಭೂವಿಜ್ಞಾನಿ ವಿಲಿಯಂ ಬಕ್‌ಲ್ಯಾಂಡ್ ತೋರಿಸಿಕೊಟ್ಟ. ಹಾಗಾಗಿ ಚಿತ್ರದಲ್ಲಿ ಎಲ್ಲೆಲ್ಲೂ ಬೇಟೆ. ನಡುವೆ ಇಕ್ತಿಯೋಸಾರ್ ಒಂದು ಪ್ಲೀಸಿಯೋಸಾರ್‌ನ ಉದ್ದ ಕತ್ತಿಗೆ ಹಲ್ಲೂರಿದೆ. ಹೆದರಿದ ಪ್ರಾಣಿ ಹಾಕಿದ ಲದ್ದಿಯೂ ನೀರಲ್ಲಿ ಇಳಿಯುತ್ತಿದೆ. ಇನ್ನೊಂದು ಪ್ಲೀಸಿಯೋಸಾರ್ ನೀರಿನಿಂದ ಕತ್ತು ಚಾಚಿ, ಗಾಳಿಯಲ್ಲಿದ್ದ ಟೆರೋಸಾರ್‌ನ ರೆಕ್ಕೆ ಕಚ್ಚಿದೆ. ಗೆರೆ ಎರಡು ಲೋಕಗಳನ್ನು ಬೇರೆ ಮಾಡುತ್ತದೆ, ಹಸಿವು ಅದನ್ನು ದಾಟುತ್ತದೆ.

ನಿಜವಾದ ನೀರಿನಲ್ಲಿ ಇಂಥ ನೋಟ ಇಷ್ಟು ಸಲೀಸಾಗಿ ಸಿಗದು. ಬೆಳಕು ನೀರಿನಿಂದ ಕನ್ನಡಕದೊಳಗಿನ ಗಾಳಿಗೆ ಬರುವಾಗ ಬಾಗುವುದರಿಂದ, ಮುಳುಗುಗನ್ನಡಕ ಹಾಕಿದವರಿಗೆ 4 ಮೀಟರ್ ದೂರದ ಮೀನು 3 ಮೀಟರ್‌ನಲ್ಲೇ ಇದ್ದಂತೆ, ಮೂರನೇ ಒಂದರಷ್ಟು ದೊಡ್ಡದಾಗಿ ಕಾಣುತ್ತದೆ. ಕೆಂಪು ಬಣ್ಣ ಕೆಲವೇ ಮೀಟರ್ ಆಳದಲ್ಲಿ ಮಂಕಾಗುತ್ತದೆ. ಕಲಾವಿದ ಮಾತ್ರ ಎರಡೂ ಲೋಕಗಳನ್ನು ಒಂದೇ ಅಳತೆಯಲ್ಲಿ, ಒಂದೇ ಬೆಳಕಿನಲ್ಲಿ ಕೂರಿಸಬಲ್ಲ.

ಕಲಾವಿದ ಜಾರ್ಜ್ ಶಾರ್ಫ್ ಈ ಚಿತ್ರವನ್ನು ಕಲ್ಲಚ್ಚಿಗೆ ಇಳಿಸಿದ. ಪ್ರತಿಗೆ 2 ಪೌಂಡ್ 10 ಷಿಲ್ಲಿಂಗ್‌ನಂತೆ ಮಾರಿ ಬಂದ ಹಣವನ್ನು ಡಿ ಲಾ ಬೆಷ್, ಆಗ ಕೈಬರಿದಾಗಿದ್ದ ಬಾಲ್ಯದ ಗೆಳತಿ ಆ್ಯನಿಂಗಳಿಗೆ ಕೊಟ್ಟ. ಆದರೆ ಭೂವಿಜ್ಞಾನಿಗಳ ಕೂಟವಾದ ಲಂಡನ್ನಿನ ಜಿಯಾಲಾಜಿಕಲ್ ಸೊಸೈಟಿ ಹೆಂಗಸರನ್ನು ಸದಸ್ಯರನ್ನಾಗಿ ಸೇರಿಸಿಕೊಂಡದ್ದು 1919ರಲ್ಲಿ. ಆ್ಯನಿಂಗ್ ತೀರಿಕೊಂಡು ಆಗ 72 ವರ್ಷವಾಗಿತ್ತು. ಮೂಲ ಜಲವರ್ಣ ಚಿತ್ರ ಇಂದು ವೇಲ್ಸ್‌ನ ರಾಷ್ಟ್ರೀಯ ಸಂಗ್ರಹಾಲಯದಲ್ಲಿದೆ.