ವರ್ಷದ ರಜೆ, ಸಂಸಾರದೊಡನೆ ದೂರಪ್ರಯಾಣ: ನಕ್ಷೆಗಿಂತ ಮೊದಲು ಪಂಚಾಂಗ ನೋಡಿ

ಬಸವನ ಬಾಗೇವಾಡಿಯಿಂದ ವಿಜಯಪುರಕ್ಕೆ ಸುಮಾರು 43 ಕಿ.ಮೀ. ಅಲ್ಲಿ ರಾಷ್ಟ್ರೀಯ ಹೆದ್ದಾರಿ 52ನ್ನು ಹಿಡಿದು ಉತ್ತರಕ್ಕೆ ಸಾಗಿದರೆ ಸೊಲ್ಲಾಪುರ, ಬೀಡ್, ಧುಳೆ, ಇಂದೋರ್, ಕೋಟಾ, ಜೈಪುರಗಳನ್ನು ದಾಟಿ ಪಂಜಾಬಿನ ಸಂಗ್ರೂರ್‌ವರೆಗೆ ಹೋಗಬಹುದು. ಅದೇ ಹೆದ್ದಾರಿ ಇತ್ತ ಹುಬ್ಬಳ್ಳಿಯ ಮೂಲಕ ಅಂಕೋಲೆಯ ಕಡಲಿಗೆ ಇಳಿಯುತ್ತದೆ. ನೌಕರಿಗೆ ಒಂದು ವರ್ಷ ಬಿಡುವು ಪಡೆದು, ಮಕ್ಕಳು ಹಾಗೂ ಹಿರಿಯರೊಡನೆ ಸ್ವಂತ ವಾಹನದಲ್ಲಿ ದೇಶ ನೋಡಬಯಸುವ ಕುಟುಂಬಕ್ಕೆ ರಸ್ತೆಯ ಕೊರತೆಯಿಲ್ಲ. ಕಷ್ಟವಿರುವುದು ಸಂಬಳ, ಶಾಲೆ, ಹೊಲ ಮತ್ತು ಹವಾಮಾನ ಈ ನಾಲ್ಕನ್ನೂ ಹೊಂದಿಸುವಲ್ಲಿ.

ದೀರ್ಘಪ್ರಯಾಣ ಈ ಸೀಮೆಗೆ ಹೊಸದಲ್ಲ. ಯುಗಾದಿಗೆ ಮುನ್ನ ಕಂಬಿ ಹೊತ್ತು ಶ್ರೀಶೈಲಕ್ಕೆ ನಡೆಯುವವರು, ಭಾರತ ಹುಣ್ಣಿಮೆಯ ಜಾತ್ರೆಗೆ ಚಕ್ಕಡಿ ಕಟ್ಟಿಕೊಂಡು ಉಳವಿಗೆ ಹೋಗುವವರು ಉತ್ತರ ಕರ್ನಾಟಕದಲ್ಲಿ ಇಂದಿಗೂ ಇದ್ದಾರೆ. ಅವರು ಮೊದಲು ನೋಡುವುದು ತಿಥಿ ಮತ್ತು ಹೊಲದ ಕೆಲಸ. ದಾರಿಯ ಮಾತು ಆಮೇಲೆ. ಕಾರಿನಲ್ಲಿ ಹೊರಡುವವರಿಗೂ ಇದೇ ಕ್ರಮ ಹಿತಕರ.

ರಜೆಯ ಲೆಕ್ಕ

ರಾಜ್ಯ ಸರ್ಕಾರಿ ನೌಕರರ ಖಾತೆಗೆ ಜನವರಿ ಮತ್ತು ಜುಲೈ ತಿಂಗಳಲ್ಲಿ ತಲಾ 15 ದಿನಗಳ ಗಳಿಕೆ ರಜೆ ಜಮೆಯಾಗುತ್ತದೆ. 300 ದಿನಗಳವರೆಗೆ ಕೂಡಿಡಬಹುದು. ಆದರೆ ರಜೆಯನ್ನು ಹಕ್ಕೆಂದು ಕೇಳಲಾಗದು. ಮಂಜೂರಾತಿ ಅಧಿಕಾರಿಯ ವಿವೇಚನೆಗೆ ಸೇರಿದ್ದು. ವೇತನರಹಿತ ಅಸಾಧಾರಣ ರಜೆಯು ವಾರ್ಷಿಕ ವೇತನ ಬಡ್ತಿ ಹಾಗೂ ಪಿಂಚಣಿಗೆ ಅರ್ಹವಾದ ಸೇವೆಯ ಮೇಲೆ ಪರಿಣಾಮ ಬೀರಬಹುದು. ಆದ್ದರಿಂದ ಲಿಖಿತ ಆದೇಶ ಕೈಸೇರುವ ಮುನ್ನ ಯಾವ ಮುಂಗಡವನ್ನೂ ಕಟ್ಟಬಾರದು.

ಖಾಸಗಿ ಕಂಪೆನಿಯ ನೌಕರಿ ಬಿಡುವವರು ಮರೆಯುವ ಸಂಗತಿ ಆರೋಗ್ಯ ವಿಮೆ. ಕಂಪೆನಿ ಕೊಟ್ಟ ಸಾಮೂಹಿಕ ವಿಮೆ ನೌಕರಿಯೊಂದಿಗೇ ಮುಗಿಯುವುದು ವಾಡಿಕೆ. ಹೊಸ ಪಾಲಿಸಿಯಲ್ಲಿ ಅಪಘಾತದ ಹೊರತಾಗಿ ಮೊದಲ 30 ದಿನ ಸಾಮಾನ್ಯವಾಗಿ ರಕ್ಷಣೆ ದೊರೆಯುವುದಿಲ್ಲ. ಮೊದಲೇ ಇರುವ ಕಾಯಿಲೆಗಳಿಗೆ ಮೂರು ವರ್ಷಗಳವರೆಗೂ ಕಾಯಬೇಕಾಗಬಹುದು. ಸಕ್ಕರೆ ಕಾಯಿಲೆಯುಳ್ಳ ಹಿರಿಯರು ಜೊತೆಗಿದ್ದರೆ ಈ ಏರ್ಪಾಡು ನೌಕರಿಯಲ್ಲಿದ್ದಾಗಲೇ ಆಗಬೇಕು.

ಮಕ್ಕಳ ಓದು

ಎಸ್ಸೆಸ್ಸೆಲ್ಸಿ ಮತ್ತು ಪಿಯುಸಿ ವರ್ಷಗಳನ್ನು ಬಿಟ್ಟುಬಿಡುವುದೇ ಲೇಸು. 6ರಿಂದ 14 ವರ್ಷದ ಮಕ್ಕಳಿಗೆ ವಯಸ್ಸಿಗೆ ತಕ್ಕ ತರಗತಿಯಲ್ಲಿ ಪ್ರವೇಶ ಪಡೆಯುವ ಅವಕಾಶವನ್ನು 2009ರ ಶಿಕ್ಷಣ ಹಕ್ಕು ಕಾಯ್ದೆ ನೀಡಿದೆ. ಹೀಗಿದ್ದರೂ ಮುಖ್ಯೋಪಾಧ್ಯಾಯರೊಡನೆ ಮೊದಲೇ ಮಾತನಾಡಿ, ಹಾಜರಾತಿ ಮತ್ತು ಮರುಪ್ರವೇಶದ ಬಗ್ಗೆ ಬರಹದಲ್ಲಿ ಒಪ್ಪಿಗೆ ಪಡೆಯುವುದು ಕ್ಷೇಮ. ಗಣಿತ ಮತ್ತು ಭಾಷೆಯ ಪಠ್ಯಪುಸ್ತಕಗಳು ಕಾರಿನಲ್ಲಿರಲಿ. ದಿನಕ್ಕೆ ಒಂದು ಗಂಟೆ ತಪ್ಪದಿದ್ದರೆ ಸಾಕು.

ಒಂದೇ ಓಟ ಬೇಡ, ಮೂರು ಸುತ್ತು ಸಾಕು

ವರ್ಷವಿಡೀ ರಸ್ತೆಯ ಮೇಲಿರುವುದು ಹಿರಿಯರಿಗೂ ಮಕ್ಕಳಿಗೂ ಶಿಕ್ಷೆಯಾದೀತು. ಮನೆಯನ್ನೇ ಕೇಂದ್ರವಾಗಿಟ್ಟುಕೊಂಡು ಆರೆಂಟು ವಾರಗಳ ಮೂರು ಸುತ್ತುಗಳಾಗಿ ವಿಂಗಡಿಸಿಕೊಂಡರೆ ಋತುವೂ ಒಲಿಯುತ್ತದೆ, ಹೊಲವೂ ಹಾಳಾಗದು.

ಜೂನ್‌ನಿಂದ ಆಗಸ್ಟ್‌ವರೆಗೆ ಘಟ್ಟಗಳಲ್ಲಿ ಭಾರಿ ಮಳೆ. ಈ ಅವಧಿ ಪರೀಕ್ಷಾರ್ಥ ಪ್ರವಾಸಕ್ಕೆ ತಕ್ಕುದು. ಇಂಗಳೇಶ್ವರ ನೋಡಿಕೊಂಡು, ಆಲಮಟ್ಟಿಯ ಬಳಿ ಕೃಷ್ಣೆಯನ್ನು ದಾಟಿ ಕೂಡಲಸಂಗಮ. ಇನ್ನೊಮ್ಮೆ ಸೊಲ್ಲಾಪುರ ಜಿಲ್ಲೆಯ ಮಂಗಳವೇಢೆ ಮತ್ತು ಬೀದರ್ ಜಿಲ್ಲೆಯ ಬಸವಕಲ್ಯಾಣ. ಬಸವಣ್ಣನವರ ಬದುಕಿನ ಈ ಊರುಗಳನ್ನು ಐದಾರು ದಿನಗಳಲ್ಲಿ ಸುತ್ತಿ ಬಂದರೆ, ಕಾರಿನಲ್ಲಿ ಯಾರಿಗೆ ವಾಂತಿಯಾಗುತ್ತದೆ, ಯಾವ ಸಾಮಾನು ಹೆಚ್ಚಾಯಿತು ಎಂಬುದು ಊರ ಹತ್ತಿರವೇ ತಿಳಿಯುತ್ತದೆ.

ಮೊದಲ ಸುತ್ತು ಸೆಪ್ಟೆಂಬರ್ ನಡುವಿನಿಂದ ದೀಪಾವಳಿಯವರೆಗೆ, ಹಿಮಾಲಯದ ಕಡೆಗೆ. ಮಳೆ ಹಿಂದೆ ಸರಿದಿರುತ್ತದೆ, ಎತ್ತರದ ದಾರಿಗಳು ಇನ್ನೂ ಹಿಮದಿಂದ ಮುಚ್ಚಿರುವುದಿಲ್ಲ. ಗಂಗೋತ್ರಿಯ ಬಾಗಿಲು ತೆರೆಯುವುದು ಅಕ್ಷಯ ತೃತೀಯೆಯಂದು, ಅಂದರೆ ಬಾಗೇವಾಡಿಯಲ್ಲಿ ಬಸವ ಜಯಂತಿ ನಡೆಯುವ ದಿನ. ಮುಚ್ಚುವುದು ದೀಪಾವಳಿಯ ವೇಳೆಗೆ. ಆದರೆ ಹಿಂಗಾರಿ ಜೋಳದ ಬಿತ್ತನೆಯೂ ಇದೇ ಕಾಲಕ್ಕೆ ಬರುತ್ತದೆ. ಹೊಲವುಳ್ಳವರು ಅದನ್ನು ಪಾಲಿಗೆ ಕೊಡಬೇಕು ಅಥವಾ ಅಣ್ಣತಮ್ಮಂದಿರಿಗೆ ಒಪ್ಪಿಸಬೇಕು. ಲೇಹ್ ಸುಮಾರು 3,500 ಮೀಟರ್ ಎತ್ತರದಲ್ಲಿರುವುದರಿಂದ ಹೃದ್ರೋಗಿಗಳು ವೈದ್ಯರನ್ನು ಕೇಳದೆ ಹೋಗಬಾರದು.

ಎರಡನೆಯ ಸುತ್ತು ನವೆಂಬರ್‌ನಿಂದ ಡಿಸೆಂಬರ್ ನಡುವಿನವರೆಗೆ ರಾಜಸ್ಥಾನ ಮತ್ತು ಕಛ್. ತೊಗರಿ ರಾಶಿ ಮುಗಿಸಿಕೊಂಡು ಜನವರಿ ಕೊನೆಗೆ ಮೂರನೆಯ ಸುತ್ತಿಗೆ ಹೊರಡಬಹುದು. ಈಶಾನ್ಯ ಮಾರುತದ ಮಳೆ ಕಳೆದ ತಮಿಳುನಾಡು ಮತ್ತು ಕೇರಳಕ್ಕೆ ಅದು ಸುಸಮಯ. ಜೋಳದ ಸುಗ್ಗಿಗೆ ಮರಳಿದರೆ, ಮುಂದೆ 40 ಡಿಗ್ರಿ ದಾಟುವ ಬಿಸಿಲಿನಲ್ಲಿ ಸಣ್ಣ ಮಕ್ಕಳೊಡನೆ ಹೆದ್ದಾರಿಯಲ್ಲಿರುವುದು ತಪ್ಪುತ್ತದೆ.

ಕಾಗದಪತ್ರ ಮತ್ತು ಖರ್ಚು

ಕರ್ನಾಟಕದಲ್ಲಿ ನೋಂದಾಯಿತ ವಾಹನವನ್ನು ಬೇರೊಂದು ರಾಜ್ಯದಲ್ಲಿ 12 ತಿಂಗಳಿಗಿಂತ ಹೆಚ್ಚು ಕಾಲ ಇರಿಸಿದರೆ ಮಾತ್ರ ಅಲ್ಲಿ ಮರುನೋಂದಣಿ ಬೇಕು, ಪ್ರವಾಸಿಗರು ಅಂಜಬೇಕಿಲ್ಲ. ವಾಹನ ವಿಮೆ ಹಾಗೂ ಹೊಗೆ ತಪಾಸಣೆ ಪತ್ರದ ಅವಧಿ ನಡುದಾರಿಯಲ್ಲಿ ಮುಗಿಯದಂತೆ ನೋಡಿಕೊಳ್ಳಬೇಕು. ಖಾಸಗಿ ಕಾರುಗಳಿಗೆ ಫಾಸ್ಟ್ಯಾಗ್ ವಾರ್ಷಿಕ ಪಾಸ್ 2025ರ ಆಗಸ್ಟ್ 15ರಂದು 3,000 ರೂಪಾಯಿಗೆ ಆರಂಭವಾಯಿತು. ಒಂದು ವರ್ಷ ಅಥವಾ 200 ಸಲ, ಯಾವುದು ಮೊದಲೋ ಅಲ್ಲಿಗೆ ಅದು ಮುಗಿಯುತ್ತದೆ. ರಾಜ್ಯ ಹೆದ್ದಾರಿಯ ಸುಂಕಕ್ಕೆ ಅನ್ವಯಿಸದು.

ಇಂಧನದ ಲೆಕ್ಕ ಸುಲಭ. ಮೂರು ಸುತ್ತು ಸೇರಿ 12,000 ಕಿ.ಮೀ. ಎಂದಿಟ್ಟುಕೊಂಡರೆ, ಲೀಟರಿಗೆ 15 ಕಿ.ಮೀ. ಓಡುವ ಕಾರಿಗೆ 800 ಲೀಟರ್ ಬೇಕು. ಲೀಟರಿಗೆ 100 ರೂಪಾಯಿಯಂತೆ 80,000 ರೂಪಾಯಿ. ಇದಕ್ಕಿಂತ ಭಾರವಾಗುವುದು ವಸತಿ ಮತ್ತು ಊಟ. ದಿನಕ್ಕೆ 250 ಕಿ.ಮೀ. ಮೀರದೆ, ಎರಡು ದಿನ ಓಡಿ ಒಂದು ದಿನ ನಿಂತರೆ ದಣಿವೂ ಕಡಿಮೆ, ರಾತ್ರಿ ಚಾಲನೆಯ ಅಪಾಯವೂ ಇಲ್ಲ. ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಶೇಂಗಾ ಹೋಳಿಗೆಯ ಡಬ್ಬಿ ಜೊತೆಗಿದ್ದರೆ ಹೋಟೆಲು ಸಿಗದ ದಾರಿಯಲ್ಲೂ ಚಿಂತೆಯಿಲ್ಲ.

ಮನೆಸಾಲದ ಕಂತು, ಶಾಲೆಯ ಶುಲ್ಕ ಮತ್ತು ಹಿಂದಿರುಗಿದ ಮೇಲಿನ ಮೂರು ತಿಂಗಳ ಮನೆಖರ್ಚನ್ನು ಪ್ರವಾಸದ ಹಣದಿಂದ ಬೇರೆಯಾಗಿ ತೆಗೆದಿಡಬೇಕು. ಈ ಹಣವನ್ನು ಮುಟ್ಟದೆ ಎಷ್ಟು ದೂರ ಹೋಗಬಹುದೋ ಅಷ್ಟೇ ಆ ಕುಟುಂಬದ ದಾರಿಯ ಉದ್ದ. ಮೂರು ಸುತ್ತಿಗೆ ಸಾಲದಿದ್ದರೆ ಎರಡೇ ಆಗಲಿ.