ಟೋಕಿಯೊದ ಓಣಿಯಲ್ಲಿ ಹಿಟ್ಟಿನ ಕೋಲು

ಆರು ವರ್ಷ! ಆರು ವರ್ಷ ದಿನಕ್ಕೆರಡು ಸಲ ಆ ಬಾಗಿಲ ಮುಂದೆಯೇ ಓಡಾಡಿದ್ದೇನೆ. ಬೆಳಿಗ್ಗೆ ಏಳೂವರೆಗೆ ತೋಜಾಯ್ ಲೈನಿನ ರೈಲು ಹಿಡಿಯಲು ಓಡುವಾಗ ಮುಚ್ಚಿರುತ್ತಿತ್ತು, ರಾತ್ರಿ ಒಂಬತ್ತಕ್ಕೆ ಕಾಲೆಳೆದುಕೊಂಡು ಬರುವಾಗಲೂ ಮುಚ್ಚಿರುತ್ತಿತ್ತು. ಯಾವುದೋ ಕಾಲದಲ್ಲಿ ನಡೆದು ನಿಂತುಹೋದ ಅಂಗಡಿ ಅಂದುಕೊಂಡಿದ್ದೆ.

ನಾನಿರುವುದು ಟೋಕಿಯೊದ ಪೂರ್ವದಂಚಿನ ನಿಶಿ ಕಸಾಯ್‌ನಲ್ಲಿ. 2000ನೇ ಇಸವಿಯ ಕಂಪ್ಯೂಟರ್ ಗಡಿಬಿಡಿಯ ಹೊತ್ತಿಗೆ ಬಂದಿಳಿದ ಭಾರತದ ಎಂಜಿನಿಯರುಗಳು ಇಲ್ಲೇ ಬೇರು ಬಿಟ್ಟರು. ಹಾಗಾಗಿ ಇಡ್ಲಿಗೂ ಬರವಿಲ್ಲ, ಬಿರಿಯಾನಿಗೂ ಬರವಿಲ್ಲ. ಬರ ಇದ್ದದ್ದು ಹಿಟ್ಟಿಗೆ. ಮಂಡ್ಯದ ಕಡೆಯವನಿಗೆ ಹಿಟ್ಟು ಅಂದರೆ ಮುದ್ದೆ, ಬೇರೆ ಅರ್ಥವೇ ಇಲ್ಲ. ಊರಿಗೆ ಹೋದಾಗಲೆಲ್ಲ ಸೂಟ್‌ಕೇಸಿನಲ್ಲಿ ಐದು ಕೇಜಿ ರಾಗಿಹಿಟ್ಟು ತುಂಬಿಕೊಂಡು ಬರುತ್ತೇನೆ. ಅದನ್ನು ಚಿನ್ನದ ಪುಡಿಯಂತೆ ಅಳೆದಳೆದು ಬಳಸುತ್ತೇನೆ.

ಕಳೆದ ನವೆಂಬರಿನ ಒಂದು ಶನಿವಾರ, ಹನ್ನೊಂದೂವರೆ. ಔಷಧಿ ಅಂಗಡಿಗೆಂದು ಓಣಿಗೆ ತಿರುಗಿದರೆ, ಆ ಬಾಗಿಲಿಗೆ ನೀಲಿ ನೋರೆನ್ ತೂಗುತ್ತಿದೆ! ನೋರೆನ್ ಅಂದರೆ ಸೀಳು ಬಿಟ್ಟ ಗಿಡ್ಡ ಪರದೆ. ಹೊರಗೆ ತೂಗಿದರೆ ಅಂಗಡಿ ತೆರೆದಿದೆ, ಒಳಗೆ ತೆಗೆದಿಟ್ಟರೆ ವ್ಯಾಪಾರ ಮುಗಿಯಿತು. ಪಕ್ಕದಲ್ಲಿ ಕುಂಚದಲ್ಲಿ ಬರೆದ ಚೀಟಿ: ಶಿನ್ ಸೋಬಾ. ಹೊಸ ಬೆಳೆಯ ಸೋಬಾ ಬಂದಿದೆ ಅಂತ. ಸೋಬಾ ಅಂದರೆ ಇಲ್ಲಿನ ಒಂದು ಕಾಳು, ಅದರ ಹಿಟ್ಟಿನ ನೂಡಲ್ಸಿಗೂ ಅದೇ ಹೆಸರು. ಹೊಸ ರಾಗಿ ಬಂದಾಗ ನಮ್ಮಟ್ಟಿಯಲ್ಲಿ ಏಳುತ್ತಿದ್ದ ಸಡಗರ ನೆನಪಾಯಿತು. ಔಷಧಿ ಮರೆತೇ ಹೋಯಿತು.

ಒಳಗೆ ಎಂಟೇ ಕುರ್ಚಿ. ಮೂಲೆಯಲ್ಲಿ, ನೀವು ನಂಬಬೇಕು, ಬೀಸುವ ಕಲ್ಲು! ನಮ್ಮವ್ವನ ಕಲ್ಲಿನಂಥದ್ದೇ, ಎರಡು ಬಿಲ್ಲೆ, ಮೇಲೊಂದು ಬಾಯಿ, ಅಂಚಿನಿಂದ ಬೂದುಬಣ್ಣದ ಹಿಟ್ಟು ಸುರಿಯುತ್ತಿದೆ. ತಿರುಗಿಸಲು ಕೈ ಬದಲು ಮೋಟರು, ಅಷ್ಟೇ ವ್ಯತ್ಯಾಸ. ಗೋಡೆಯ ಮೇಲಿನ ಪಟ್ಟಿಯಲ್ಲಿ ಅಕ್ಷರ ಕೂಡಿಸಿ ಕೂಡಿಸಿ ಓದಿದೆ. ಕೊನೆಯಲ್ಲೊಂದು ಹೆಸರು, ಸೋಬಾಗಾಕಿ. ಏನೆಂದು ಗೊತ್ತಿಲ್ಲದೆಯೇ ಅದನ್ನೇ ಕೊಡಿ ಅಂದೆ. ಬಡಿಸುವ ಅಜ್ಜಿ ಹುಬ್ಬೇರಿಸಿ, “ನೂಡಲ್ಸ್ ಅಲ್ಲ, ಪರವಾಗಿಲ್ವಾ?” ಅಂತ ಎರಡು ಸಲ ಕೇಳಿದರು.

ಕಟ್ಟೆಯಾಚೆ ಅಜ್ಜ ಪುಟ್ಟ ಪಾತ್ರೆಗೆ ಹಿಟ್ಟು ಹಾಕಿ, ನೀರು ಬಿಟ್ಟು ಕಲಸಿ, ಒಲೆಯ ಮೇಲಿಟ್ಟರು. ಕೈಗೊಂದು ಮರದ ಕೋಲು ತೆಗೆದುಕೊಂಡರು. ಮೊದಲು ಮೆಲ್ಲಗೆ, ಆಮೇಲೆ ಜೋರಾಗಿ, ಆಮೇಲೆ ಭುಜವೆಲ್ಲ ಕುಣಿಯುವ ಹಾಗೆ ತಿರುವಿದರು, ತಿರುವಿಯೇ ತಿರುವಿದರು. ಎಡಗೈಯಲ್ಲಿ ಪಾತ್ರೆ ಬಿಗಿಹಿಡಿದು, ತುಟಿ ಕಚ್ಚಿಕೊಂಡು, ಗಂಟು ಬಿಡದಂತೆ! ನಾನು ಎದ್ದು ನಿಂತುಬಿಟ್ಟಿದ್ದೆ. ಅದು ಹಿಟ್ಟಿನ ಕೋಲು ಕಣ್ರೀ! ಕವೆ ಒಂದು ಇಲ್ಲ ಅನ್ನೋದು ಬಿಟ್ಟರೆ ಸಾಕ್ಷಾತ್ ನಮ್ಮವ್ವನ ಒಲೆ!

ಬಟ್ಟಲಲ್ಲಿ ಬಿಸಿನೀರು, ನೀರಿನಲ್ಲಿ ಎಲೆಯಾಕಾರದ ಮುದ್ದೆ. ಬೂದುಬಣ್ಣ, ಮೈಮೇಲೆ ಸಣ್ಣ ಕಪ್ಪು ಚುಕ್ಕೆ, ಹೊಗೆಯಾಡುವ ಹೊಳಪು. ಪಕ್ಕದಲ್ಲಿ ಸೋಯಾ, ತುರಿದ ವಸಾಬಿ, ಹೆಚ್ಚಿದ ಈರುಳ್ಳಿ ಹೂವಿನ ಎಸಳು. ಕಡ್ಡಿಯಲ್ಲಿ ಹರಿದು ಬಾಯಿಗಿಟ್ಟೆ. ಹುರಿದ ಕಾಳಿನ ಘಮ, ಕೊನೆಯಲ್ಲಿ ನವಿರಾದ ಕಹಿ. ಅಭ್ಯಾಸಬಲ, ಅಗಿಯದೆ ಗುಳುಕ್ಕನೆ ನುಂಗಿಬಿಟ್ಟೆ. ಬಸ್ಸಾರೊಂದು ಇದ್ದಿದ್ದರೆ!

ಆ ರಾತ್ರಿ ನಿದ್ದೆ ಬರಲಿಲ್ಲ, ಸಿಕ್ಕಿದ್ದೆಲ್ಲ ಓದಿದೆ. ಸೋಬಾ ಗೋಧಿಯೂ ಅಲ್ಲ, ಹುಲ್ಲಿನ ಜಾತಿಯೇ ಅಲ್ಲ. ಉತ್ತರ ಭಾರತದವರು ಉಪವಾಸಕ್ಕೆ ತಿನ್ನುವ ಕುಟ್ಟು ಇದೇ. ಬಡ ಮಣ್ಣಿನಲ್ಲೂ ಎರಡೂವರೆ ತಿಂಗಳಿಗೆ ಕೈಗೆ ಬರುವ ಬೆಳೆ, ರಾಗಿಯಂತೆಯೇ ಬೆಟ್ಟಗಾಡಿನವರ ಬಂಧು. ಜಪಾನೀಯರು ಮೊದಲು ತಿನ್ನುತ್ತಿದ್ದದ್ದೇ ಮುದ್ದೆ! ಎಳೆ ಕತ್ತರಿಸಿದ್ದು ಆಮೇಲೆ. ಕಿಸೊ ಕಣಿವೆಯ ಜೋಶೋಜಿ ದೇವಾಲಯದ ದುರಸ್ತಿ ನಡೆದಾಗಿನ 1574ರ ದಾಖಲೆಯಲ್ಲಿ ಸೋಬಾಕಿರಿ, ಅಂದರೆ ಕತ್ತರಿಸಿದ ಸೋಬಾ, ಎಂಬ ಮಾತು ಸಿಗುತ್ತದೆ. ಟೋಕಿಯೊ ಇನ್ನೂ ಎದೊ ಆಗಿದ್ದಾಗ ಪಾಲಿಶ್ ಮಾಡಿದ ಬಿಳಿ ಅಕ್ಕಿಯನ್ನೇ ಉಂಡು ಪಟ್ಟಣಿಗರ ಕಾಲು ಜೋಮು ಹಿಡಿಯುತ್ತಿತ್ತಂತೆ. ಆಗ ಎದೊ ರೋಗ ಅನ್ನುತ್ತಿದ್ದರು, ಈಗ ಬೆರಿಬೆರಿ. ಬಿ1 ಜೀವಸತ್ವ ಇರುವ ಸೋಬಾ ತಿಂದವರಿಗೆ ಆ ಕಾಟ ಕಡಿಮೆ. ರಾಮಧಾನ್ಯ ಚರಿತೆಯಲ್ಲಿ ಅಕ್ಕಿಗೂ ರಾಗಿಗೂ ಜಗಳ ಹಚ್ಚಿ ರಾಗಿಯನ್ನು ಗೆಲ್ಲಿಸಿದ ಕನಕದಾಸರಿಗೆ ಈ ಸುದ್ದಿ ಮುಟ್ಟಿಸುವುದು ಹೇಗೆ!

ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದವನು ನಾನು. ಅಂಗಡಿ ಶುರುವಾದದ್ದು ನಮ್ಮ ಸ್ಟೇಷನ್ ತೆರೆದ 1979ರಲ್ಲೇ ಅಂತೆ. ಅಜ್ಜ ದಿನಕ್ಕೆ ಬೀಸಿದಷ್ಟೇ ಹಿಟ್ಟು, ಮಧ್ಯಾಹ್ನ ಎರಡಕ್ಕೆ ಖಾಲಿ, ಖಾಲಿಯಾದರೆ ಬಾಗಿಲು ಬಂದ್. ಆಫೀಸಿನ ಹೊತ್ತಿನವನಿಗೆ ಕಾಣುವುದಾದರೂ ಹೇಗೆ?

ಮುಂದಿನ ಶನಿವಾರ ಕಾಲು ಕೇಜಿ ರಾಗಿಹಿಟ್ಟು ಕಟ್ಟಿಕೊಂಡು ಹೋದೆ. ಅಜ್ಜ ಚಿಟಿಕೆ ತೆಗೆದು ಬೆರಳ ನಡುವೆ ಉಜ್ಜಿದರು, ಮೂಸಿದರು, ನಾಲಿಗೆಗೆ ಹಚ್ಚಿದರು. “ಯಾವೂರ ಸೋಬಾ ಇದು?” ಅಂದರು. ಗಿರಾಕಿಗಳೆಲ್ಲ ಹೋದ ಮೇಲೆ ನೋರೆನ್ ಒಳಗೆ ತಂದಿಟ್ಟು, ಕೋಲು ನನ್ನ ಕೈಗೆ ಕೊಟ್ಟರು. ಎಸರು ಕಾಯಿಸಿ, ಹಿಟ್ಟು ಸುರಿದು, ತಿರುವಿ, ಕೈ ಒದ್ದೆ ಮಾಡಿಕೊಂಡು ಉಂಡೆ ಕಟ್ಟಿದೆ. ಅಜ್ಜಿ ಚಪ್ಪಾಳೆ ತಟ್ಟಿದರು. ಸಾರು ಇಲ್ಲ, ಅವರ ಸೋಬಾ ಅದ್ದುವ ರಸವೇ ಗತಿ. “ಕಾಮನಾಯ್ದೆ,” ಅಂದೆ. ಅಗೀಬೇಡಿ, ನುಂಗಿ.

ಅಜ್ಜ ತಲೆಯಾಡಿಸಿ, ಕಣ್ಣು ಮುಚ್ಚಿ, ಒಂದು ತುತ್ತು ಬಾಯಿಗಿಟ್ಟು, ಮೂರು ನಿಮಿಷ ಅಗಿದರು.